ರಟ್ಟಿನಕ್ಕ ಮತ್ತು ಕೊಡೆಯಜ್ಜನ ಕಾಗದ

ನಮ್ಮ ಬೀದಿಯ ಶಾಲೆಗೆ ಐವತ್ತು ವರ್ಷ ತುಂಬಿತೆಂದು ಕಮಿಟಿಯವರು ಒಂದು ಪುಸ್ತಕ ಹಾಕಿಸಿದರು. 'ದಾನದ ಹೆಜ್ಜೆಗಳು' ಎಂದು ಹೆಸರು. ನುಣುಪು ಕಾಗದ, ಬಣ್ಣದ ಫೋಟೋ, ಹಿಡಿದರೆ ಕೈಯಿಂದ ಜಾರುತ್ತದೆ. ಶಾಲೆಗೆ ಯಾರು ಯಾರು ಏನೇನು ಕೊಟ್ಟರು ಎಂಬ ಚರಿತ್ರೆಯಂತೆ ಅದು. ಮೊದಲ ಹದಿನಾಲ್ಕು ಪುಟ ಪೂರ್ತಿ ಅಧ್ಯಕ್ಷರಿಗೇ ಮೀಸಲು. ಅಧ್ಯಕ್ಷರು ಟೈಲ್ಸ್ ಹಾಕಿಸುತ್ತಿರುವುದು, ಅಧ್ಯಕ್ಷರು ಟೈಲ್ಸ್ ಮೇಲೆ ನಿಂತಿರುವುದು, ಅಧ್ಯಕ್ಷರು ಟೈಲ್ಸ್ ತೋರಿಸುತ್ತ ಯಾರಿಗೋ ಏನೋ ಹೇಳುತ್ತಿರುವುದು. ನನ್ನ ಓರಗಿತ್ತಿಯ ಬಗ್ಗೆ ಇರುವುದು ಒಂದೇ ಒಂದು ಸಾಲು. "ಶಾಲೆಯ ಆರಂಭ ಕಾಲದ ದಾಖಲೆಗಳು ಬೈಂಡಿಂಗ್ ಕೆಲಸದ ಹೆಂಗಸೊಬ್ಬಳ ಅಜಾಗರೂಕತೆಯಿಂದ ಹಾಳಾದವು."

ಅದನ್ನು ಓದಿದ ದಿನ ನನಗೆ ಮೈಯೆಲ್ಲ ಉರಿ ಹತ್ತಿಕೊಂಡಿತು. ಇನ್ನೂ ಆರಿಲ್ಲ. ಇಷ್ಟು ದಿನ ಹಲ್ಲು ಕಚ್ಚಿಕೊಂಡು ಇದ್ದೆ, ಕಾರಣವಿತ್ತು. ಈಗ ಆ ಕಾರಣ ಹೋಗಿದೆ. ಹಾಗಾಗಿ ಹೇಳುತ್ತಿದ್ದೇನೆ, ಹೇಳಿದ ಹಾಗೇ ಬರೆದುಕೋ ಮಗಳೇ, ನುಣುಪು ಮಾಡಬೇಡ.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ನಾನು ಈ ಮನೆಗೆ ಬಂದು ಆರು ವರ್ಷಕ್ಕೆ ಅವಳು ಬಂದಳು. ಬಂದ ದಿನವೇ ನನ್ನ ಕೈಯಿಂದ ನೀರಿನ ಕೊಡ ಕಿತ್ತುಕೊಂಡು, "ನೀವು ಬಿಡಿ ಅಕ್ಕ, ನನ್ನ ಸೊಂಟ ಇನ್ನೂ ಹೊಸದು" ಅಂದಳು. ಆವತ್ತೇ ಅಂದುಕೊಂಡೆ, ಇವಳ ಜೊತೆ ಬಾಳಬಹುದು. ನಲವತ್ತು ವರ್ಷಕ್ಕೂ ಮೇಲೆ ಒಂದೇ ಒಲೆಯಲ್ಲಿ ಬೇಯಿಸಿದ್ದೇವೆ. ಜಗಳ ಆಡಿಲ್ಲವಾ ಅಂದರೆ ಆಡಿದ್ದೇವೆ, ಅದರಲ್ಲೂ ಉಪ್ಪಿನ ವಿಷಯಕ್ಕೆ ಲೆಕ್ಕವಿಲ್ಲದಷ್ಟು ಆಡಿದ್ದೇವೆ. ಅವಳದ್ದು ಉಪ್ಪಿನ ಕೈ, ಈಗಲೂ.

ನನ್ನ ಮೈದುನನಿಗೆ ಪುಸ್ತಕ ಬೈಂಡ್ ಮಾಡುವ ಅಂಗಡಿ. ಅಂಗಡಿ ಏನು, ಮನೆಯ ಮುಂದಿನ ಕೋಣೆ. ಒಂದು ಒತ್ತುಯಂತ್ರ, ಒಂದು ಕತ್ತರಿಸುವ ಹಲಗೆ, ಗೋಡೆಗೆ ಒರಗಿಸಿದ ರಟ್ಟು, ಮೂಲೆಯಲ್ಲಿ ಅಂಟಿನ ಪಾತ್ರೆ. ಮೈದಾ ಅಂಟು ಕುದಿಸುವಾಗ ಹುಳ ಬರದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಗೊತ್ತಲ್ಲ, ನೀಲಿ ಹರಳು. ಆ ವಾಸನೆ ನಮ್ಮ ಹಾಸಿಗೆಗೂ ಹತ್ತಿತ್ತು. ಮದುವೆಯಾಗಿ ಮೂರನೇ ವರ್ಷಕ್ಕೆ ಮೈದುನನ ಕೈ ನಡುಗುವುದಕ್ಕೆ ಶುರುವಾಯಿತು. ದಾರ ಪೋಣಿಸಲು ಆಗುತ್ತಿರಲಿಲ್ಲ, ಪಾಪ. ಅವಳು ಒಂದು ದಿನ ದಬ್ಬಣ ಅವನ ಕೈಯಿಂದ ತೆಗೆದುಕೊಂಡವಳು ಮತ್ತೆ ಕೆಳಗಿಡಲಿಲ್ಲ. ಅವನು ಪಕ್ಕದಲ್ಲಿ ಕೂತು, "ಬಿಗಿ ಸಾಲ್ದು, ಎಳಿ, ಇನ್ನೂ ಎಳಿ" ಅನ್ನುವುದು, ಇವಳು, "ಇನ್ನೂ ಎಳೆದ್ರೆ ನಿಮ್ಮ ಬಾಯಿ ಹೊಲೀತೀನಿ" ಅನ್ನುವುದು. ಹಾಗೆ ಕೆಲಸ ಕಲಿತಳು. ಬೀದಿಯವರು ರಟ್ಟಿನಕ್ಕ ಎಂದು ಕರೆಯತೊಡಗಿದರು. ಸ್ವಂತ ಹೆಸರು ನನಗೂ ಮರೆತುಹೋಗುವಷ್ಟು ಆ ಹೆಸರು ಕೂತುಬಿಟ್ಟಿತು.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ಅದು ಸರ್ಕಾರದ್ದಲ್ಲ, ಯಾವ ದೊಡ್ಡ ಮನೆತನದ್ದೂ ಅಲ್ಲ. ಸರ್ಕಾರಿ ಶಾಲೆ ದೊಡ್ಡ ರಸ್ತೆಯ ಆಚೆಗಿತ್ತು. ಲಾರಿಗಳ ನಡುವೆ ಮಕ್ಕಳನ್ನು ದಾಟಿಸಲು ಯಾರಿಗೂ ಧೈರ್ಯವಿರಲಿಲ್ಲ. ಹಾಗಾಗಿ ನಮ್ಮ ಬೀದಿಯ ಒಬ್ಬ ಹೆಂಗಸು, ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸ ಸಿಗದೆ ಕೂತಿದ್ದವಳು, ಬೀದಿಯ ಮಕ್ಕಳನ್ನೆಲ್ಲ ಕೂಡಿಹಾಕಿಕೊಂಡು ಪಾಠ ಶುರು ಮಾಡಿದಳು. ಆಮೇಲೆ ಅವರೇ ದೊಡ್ಡ ಟೀಚರ್ ಆದರು. ಕೊಡೆ ತಯಾರಿಸುವ ಒಬ್ಬ ಅಜ್ಜ ಇದ್ದರು, ಹೆಂಡತಿ ಮಕ್ಕಳು ಯಾರೂ ಇಲ್ಲ, ಎರಡು ಮಹಡಿಯ ಮನೆ. ಕೆಳಗೆ ಕೊಡೆ ಗೋದಾಮು. ಅವರು ಒಂದು ಬೆಳಿಗ್ಗೆ ದೊಡ್ಡ ಟೀಚರನ್ನು ಕರೆದು, "ನಾನು ಮೇಲಿನ ಒಂದು ರೂಮಲ್ಲಿ ಇರ್ತೀನಿ. ಉಳಿದಿದ್ದೆಲ್ಲ ಶಾಲೆಗೆ. ಆದ್ರೆ ಈ ಬೀದಿ ಮಕ್ಕಳ ಹತ್ರ ಯಾವತ್ತೂ ಫೀಸು ಕೇಳಬಾರ್ದು" ಅಂದರು. ಮನೆಯ ಪತ್ರ ಕಚೇರಿಯಲ್ಲಿ ರಿಜಿಸ್ಟರ್ ಆಯಿತು. ಫೀಸಿನ ಮಾತನ್ನು ಮಾತ್ರ ಬೇರೆ ಒಂದು ದಪ್ಪ ಕಾಗದದ ಮೇಲೆ ಕೈಯಾರೆ ಬರೆದು, ಸಹಿ ಹಾಕಿ, ದೊಡ್ಡ ಟೀಚರ ಕೈಗೆ ಕೊಟ್ಟರು. ಎರಡನ್ನೂ ಒಂದರಲ್ಲೇ ಬರೆಸಬೇಕೆಂದು ಆ ಕಾಲದಲ್ಲಿ ಯಾರಿಗೆ ಹೊಳೆಯಬೇಕು? ಮಾತಿಗೆ ಮಾತು ಸಾಕಾಗುತ್ತಿತ್ತು.

ಬೇರೆ ಬೀದಿಗಳ ಮಕ್ಕಳೂ ಬರುತ್ತಿದ್ದವು, ಅವರು ಫೀಸು ಕೊಡುತ್ತಿದ್ದರು. ಟೀಚರುಗಳ ಸಂಬಳ ಅದರಲ್ಲೇ ಸಾಗಬೇಕು. ನಮ್ಮ ಬೀದಿಯವರು ದುಡ್ಡು ಕೊಡಲಿಲ್ಲ ಎಂದರೆ ಪುಕ್ಕಟೆ ಕಲಿಸಿಕೊಂಡರು ಎಂದು ತಿಳಿಯಬೇಡ. ದೊಡ್ಡ ಟೀಚರ್ ಒಂದು ಪದ್ಧತಿ ಮಾಡಿದ್ದರು. ವರ್ಷಕ್ಕೊಮ್ಮೆ ರಜೆಯಲ್ಲಿ ಪ್ರತಿ ಮನೆಯವರೂ ತಮಗೆ ಬರುವ ಕೆಲಸವನ್ನು ಶಾಲೆಗೆ ಮಾಡಿಕೊಡಬೇಕು. ಗಾರೆಯವನು ಗೋಡೆ ನೋಡುತ್ತಿದ್ದ. ಬಡಗಿ ಬೆಂಚಿನ ಕಾಲು ಸರಿಮಾಡುತ್ತಿದ್ದ. ಬೀಗ ರಿಪೇರಿಯವನು ಬೀಗಕ್ಕೆ ಎಣ್ಣೆ ಬಿಡುತ್ತಿದ್ದ. ಏನೂ ಕಸುಬು ಇಲ್ಲದ ನಾನು ಪರದೆ ಒಗೆಯುತ್ತಿದ್ದೆ. ಯಾರು ಏನು ಮಾಡಿದರು ಎಂದು ದೊಡ್ಡ ಟೀಚರ್ ಉದ್ದನೆಯ ಹಾಳೆಗಳಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು.

ರಟ್ಟಿನಕ್ಕನ ಪಾಲಿಗೆ ಬಂದದ್ದು ಪುಸ್ತಕ. ಆ ಶಾಲೆಯಲ್ಲಿ ಮಕ್ಕಳು ಪುಸ್ತಕ ಕೊಳ್ಳುತ್ತಲೇ ಇರಲಿಲ್ಲ. ಮೇಲಿನ ಕ್ಲಾಸಿನವರದ್ದು ಕೆಳಗಿನವರಿಗೆ ಬರುತ್ತಿತ್ತು. ಮಕ್ಕಳ ಕೈಗೆ ಸಿಕ್ಕ ಪುಸ್ತಕದ ಗತಿ ಹೇಳಬೇಕೇ? ರಜೆ ಬಂದರೆ ನಮ್ಮ ಮುಂದಿನ ಕೋಣೆ ಕಿಟಕಿಯ ತನಕ ತುಂಬುತ್ತಿತ್ತು. ಹೊಲಿಗೆ ಬಿಚ್ಚಿ, ಹಾಳೆ ಜೋಡಿಸಿ, ಹೊಸದಾಗಿ ಹೊಲಿದು, ರಟ್ಟು ಹಾಕಿ ಕೊಡುತ್ತಿದ್ದಳು. ಮೂವತ್ತೈದು ವರ್ಷ. ಒಂದು ರಜೆಯೂ ತಪ್ಪಿಸಲಿಲ್ಲ. ಮೈದುನ ತೀರಿಹೋದ ವರ್ಷವೂ ತಪ್ಪಿಸಲಿಲ್ಲ, ಆ ವರ್ಷ ಹೊಲಿಗೆ ಎಂದಿಗಿಂತ ಬಿಗಿಯಾಗಿತ್ತು.

ಒಳ್ಳೆಯ ರಟ್ಟು ದುಬಾರಿ. ಅದಕ್ಕೆ ಅವಳು ಒಂದು ಉಪಾಯ ಮಾಡಿದ್ದಳು. ಚಪ್ಪಲಿ ಡಬ್ಬಿ, ಅಂಗಿ ಡಬ್ಬಿಗಳ ತೆಳು ರಟ್ಟು ತಂದು, ಅದಕ್ಕೆ ಹಳೆಯ ಕಾಗದವನ್ನು ಪದರ ಪದರವಾಗಿ ಅಂಟಿಸಿ, ಒತ್ತುಯಂತ್ರದಲ್ಲಿಟ್ಟು ಒಣಗಿಸಿದರೆ ಹಲಗೆಯಷ್ಟು ಗಟ್ಟಿ. ಮೇಲೆ ಬಟ್ಟೆ, ಒಳಗೆ ಬಿಳಿ ಹಾಳೆ. ಒಳಗಿನ ಪದರಗಳು ಯಾರಿಗೂ ಕಾಣುವುದಿಲ್ಲ. ಅವಳು ಅಂಟಿಸುವ ಕಾಗದದಲ್ಲಿ ಏನಿದೆ ಎಂದು ನೋಡುತ್ತಿರಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ, "ಓದ್ತಾ ಕೂತ್ರೆ ಅಂಟು ಒಣಗಿಹೋಗುತ್ತೆ ಅಕ್ಕ" ಅಂದಿದ್ದಳು.

ಕೊಡೆಯಜ್ಜ ತೀರಿಹೋದ ಮರುವರ್ಷ ದೊಡ್ಡ ಟೀಚರ್ ಕೆಲಸ ಬಿಟ್ಟರು. ಕಣ್ಣಿಗೆ ಪೊರೆ ಬಂದಿತ್ತು. ಆಫೀಸ್ ರೂಮಿನ ಕಪಾಟು ಖಾಲಿ ಮಾಡುವಾಗ ನನ್ನನ್ನೂ ಓರಗಿತ್ತಿಯನ್ನೂ ಕರೆಸಿದರು. ಎರಡು ಮೂಟೆ ಕಟ್ಟಿಟ್ಟಿದ್ದರು. "ರಟ್ಟಮ್ಮ, ಇದೆಲ್ಲ ರದ್ದಿ. ಹುಳ ತಿನ್ನೋ ಮುಂಚೆ ನಿನ್ನ ರಟ್ಟಿಗೆ ಹಾಕ್ಕೋ, ಒಂದು ಚೂರೂ ದಂಡ ಮಾಡಬೇಡ" ಅಂದರು. ಒಂದು ಕಡೆ ಖಾಲಿ ಇರುವ ಕಾಗದವನ್ನೂ ಬಿಸಾಡದ ಹೆಂಗಸು ಅವರು. ಒಂದು ಮೂಟೆ ಅವಳು ಹೊತ್ತಳು, ಇನ್ನೊಂದು ನಾನು. ಏಣಿಯಂಥ ಮೆಟ್ಟಿಲು ಇಳಿಯುವಾಗ ನನ್ನ ಮಂಡಿ ಲಟಕ್ ಅಂದದ್ದು ಇವತ್ತಿಗೂ ಸರಿಹೋಗಿಲ್ಲ. ಆ ರಜೆಯಲ್ಲಿ ಅವಳು ಲೈಬ್ರರಿಯ ನೂರಾ ಹದಿನೆಂಟು ಪುಸ್ತಕ ಬೈಂಡ್ ಮಾಡಿದಳು. ಹೊದಿಕೆಗೆ ಕೊಡೆಯಜ್ಜನ ಗೋದಾಮಿನಲ್ಲಿ ಉಳಿದಿದ್ದ ಕಪ್ಪು ಕೊಡೆ ಬಟ್ಟೆ.

ಆಮೇಲೆ ಕಮಿಟಿ ಬಂತು. ದೊಡ್ಡ ಟೀಚರೂ ತೀರಿಹೋದರು. ಕಮಿಟಿಗೆ ಟೈಲ್ಸ್ ಅಂಗಡಿಯವರು ಅಧ್ಯಕ್ಷರಾದರು, ಅವರ ಬೆನ್ನಿಗೆ ನೆರಳಿನಂತೆ ಒಬ್ಬ ಕಾರ್ಯದರ್ಶಿ. ಶಾಲೆಗೆ ಮೇಲಂತಸ್ತು ಬಂತು, ಗೇಟು ಬಂತು, ಗೇಟಿಗೆ ಕಾವಲುಗಾರ ಬಂದ. ಐವತ್ತನೇ ವರ್ಷಕ್ಕೆ ಹತ್ತಿರವಾದಾಗ ಒಂದು ಚೀಟಿ ನಮ್ಮ ಬೀದಿಯ ಮನೆಮನೆಗೂ ಬಂತು. ಮುಂದಿನ ವರ್ಷದಿಂದ ಎಲ್ಲ ಮಕ್ಕಳೂ ಫೀಸು ಕಟ್ಟಬೇಕು, ದಾನಿಗಳ ಕುಟುಂಬದ ಮಕ್ಕಳಿಗೆ ಮಾತ್ರ ರಿಯಾಯಿತಿ.

ಬೀದಿಯಿಂದ ಮೂವತ್ತೆರಡು ಮಕ್ಕಳು ಹೋಗುತ್ತಿದ್ದವು. ಅದರಲ್ಲಿ ರಟ್ಟಿನಕ್ಕನ ಮೊಮ್ಮಗಳೂ ಒಬ್ಬಳು, ಮಗಳ ಮಗಳು, ಏಳು ಮುಗಿಸಿ ಎಂಟಕ್ಕೆ ಹೋಗಬೇಕು. ಅವಳ ತಾಯಿ ಬೇರೆ ಊರಿನ ಆಸ್ಪತ್ರೆಯಲ್ಲಿ ಆಯಾ, ತಿಂಗಳಿಗೊಮ್ಮೆ ಬರುತ್ತಾಳೆ. ಚೀಟಿಯಲ್ಲಿದ್ದ ಫೀಸು ಆ ತಾಯಿ ಮನೆಗೆ ಕಳಿಸುವುದಕ್ಕಿಂತ ಜಾಸ್ತಿ. ಹುಡುಗಿ ಚೀಟಿ ಓದಿದಳು. ತನ್ನ ಪುಸ್ತಕಗಳನ್ನು ಕಟ್ಟಿ ಅಜ್ಜಿಯ ಮುಂದೆ ಇಟ್ಟು, "ಅಜ್ಜಿ, ಇದನ್ನ ಮುಂದಿನ ಹುಡುಗಿಗೆ ಕೊಟ್ಬಿಡು" ಅಂದಳು.

ನಾವು ಕಮಿಟಿ ಮೀಟಿಂಗಿಗೆ ಹೋದೆವು. ಹನ್ನೊಂದು ಹೆಂಗಸರು, ನಾಲ್ಕು ಗಂಡಸರು. ಗಂಡಸರು ಬಾಗಿಲ ಹತ್ತಿರವೇ ನಿಂತರು.

ಅಧ್ಯಕ್ಷರು, "ನೋಡೀಮ್ಮಾ, ದಾನದ ಮೇಲೆ ನಡೆಯೋ ಶಾಲೆ ಇದು. ಕೊಟ್ಟೋರಿಗೂ ಕೊಡ್ದೇ ಇರೋರಿಗೂ ಒಂದು ವ್ಯತ್ಯಾಸ ಬೇಡ್ವಾ?" ಅಂದರು.

"ನಾವು ಕೊಟ್ಟಿಲ್ಲ ಅಂತ ಯಾರು ಹೇಳಿದ್ದು?" ಅಂದೆ ನಾನು.

"ಏನು ಕೊಟ್ಟಿದ್ದೀರಿ? ದಾಖಲೆ ಇದ್ರೆ ತೋರ್ಸಿ. ನಾವು ಚರಿತ್ರೆ ಬರೆಸ್ತಾ ಇದೀವಿ, ಸೇರಿಸ್ತೀವಿ."

"ಕೊಡೆಯಜ್ಜ ಮನೆ ಕೊಡೋವಾಗ್ಲೇ ಹೇಳಿದ್ರಲ್ಲ, ಬೀದಿ ಮಕ್ಕಳಿಗೆ ಫೀಸಿಲ್ಲ ಅಂತ."

ಕಾರ್ಯದರ್ಶಿ ಫೈಲು ಬಿಡಿಸಿದ. "ಮನೆ ಪತ್ರದಲ್ಲಿ ಹಾಗೇನೂ ಇಲ್ಲ ಸಾರ್. ನಾನು ಎರಡು ಸಲ ಓದಿದೀನಿ."

"ಅದು ಬೇರೆ ಕಾಗದ."

"ತನ್ನಿ ಹಾಗಾದ್ರೆ ಆ ಕಾಗದ," ಅಂದರು ಅಧ್ಯಕ್ಷರು. "ಬಾಯಿಮಾತಿಗೆ ಶಾಲೆ ನಡೆಯಲ್ಲ. ನಾನು ಟೈಲ್ಸ್ ಕೊಟ್ಟಿದ್ದಕ್ಕೂ ಪಕ್ಕಾ ಕಾಗದ ಇದೆ, ಬಿಲ್ ಇದೆ."

ಇಸ್ತ್ರಿ ಅಂಗಡಿಯವಳು ಹಿಂದಿನಿಂದ, "ಬಿಲ್ ಕೊಟ್ಟು ದಾನ ಮಾಡೋದು ಇವತ್ತೇ ಕೇಳ್ತಿರೋದು" ಅಂದಳು. ಹೆಂಗಸರೆಲ್ಲ ನಕ್ಕರು. ಅಧ್ಯಕ್ಷರು ನಗಲಿಲ್ಲ. ಅರ್ಧ ಬೆಲೆಗೆ ಕೊಟ್ಟ ಟೈಲ್ಸ್ ಅದು, ಉಳಿದರ್ಧ ಶಾಲೆಯಿಂದಲೇ ಬಂದಿತ್ತು ಎಂದು ಆಮೇಲೆ ಗೊತ್ತಾಯಿತು.

ವಾಪಸ್ ಬರುವಾಗ ರಟ್ಟಿನಕ್ಕ ಬೀದಿಯ ತಿರುವಿನಲ್ಲಿ ನಿಂತುಬಿಟ್ಟಳು. "ಅಕ್ಕ, ಆ ಕಾಗದ ನಾನೇ ಅಂಟಿಸಿದೀನಿ."

"ಏನಂದೆ?"

"ದೊಡ್ಡ ಟೀಚರ್ ಕೊಟ್ಟ ಮೂಟೇಲಿ ಒಂದು ದಪ್ಪ ಕಾಗದ ಇತ್ತು. ಅಂಟೇ ಹಿಡೀತಿರ್ಲಿಲ್ಲ. ಎರಡು ಸಲ ಎದ್ದು ಬಂತು, ಮೂರನೇ ಸಲ ಮೇಲೆ ಕಲ್ಲು ಹೇರಿಟ್ಟೆ. ನನ್ನ ಕೈಗೆ ಇನ್ನೂ ನೆನಪಿದೆ. ಈ ಬೀದೀಲಿ ಅಂಥ ಕಾಗದದ ಮೇಲೆ ಬರೀತಿದ್ದೋರು ಕೊಡೆಯಜ್ಜ ಒಬ್ಬರೇ."

ಆಗಿದ್ದೇನು ನೋಡು. ಕಣ್ಣು ಮಂಜಾದವರು ಒಬ್ಬರು ಕಟ್ಟಿಕೊಟ್ಟರು, ಓದದೆ ಅಂಟಿಸುವವಳು ಒಬ್ಬಳು ಅಂಟಿಸಿದಳು, ಮಂಡಿ ಮುರಿದುಕೊಂಡು ಹೊತ್ತವಳು ನಾನು. ಮೂವರಿಗೂ ದಂಡ ಮಾಡಬಾರದು ಎನ್ನುವುದು ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹೆಡ್ ಮಾಸ್ಟರ ಹತ್ತಿರ ಹೋದೆವು. ಅವನೂ ನಮ್ಮ ಬೀದಿಯಲ್ಲೇ ಮೂಗು ಒರೆಸಿಕೊಂಡು ಬೆಳೆದವನು, ಅದೇ ಶಾಲೆಯಲ್ಲಿ ಫೀಸಿಲ್ಲದೆ ಓದಿದವನು. ಒಳ್ಳೆಯವನೇ, ಆದರೆ ಅಧ್ಯಕ್ಷರ ಕಾರಿನ ಸದ್ದು ಕೇಳಿದರೆ ಕುರ್ಚಿಯಲ್ಲಿ ಕೂರಲಾರ. ಲೈಬ್ರರಿಗೆ ಹೊಸ ಪುಸ್ತಕ ಬರುತ್ತದೆಂದು ಹಳೆಯದನ್ನೆಲ್ಲ ಹಗ್ಗ ಕಟ್ಟಿ ಗುಜರಿಯವನಿಗಾಗಿ ಇಟ್ಟಿದ್ದರು. ಶುಕ್ರವಾರ ಅವನು ಬರುತ್ತಾನೆ. ಅವತ್ತು ಬುಧವಾರ.

"ಅಮ್ಮಾ, ನಾನು ಬೀಗದಕೈ ಕೊಟ್ಟೆ ಅಂತ ಆಗಬಾರ್ದು" ಅಂದ ಹೆಡ್ ಮಾಸ್ಟರು, ಬೀಗದಕೈಯನ್ನು ಮೇಜಿನ ನನ್ನ ಕಡೆಯ ಅಂಚಿಗೆ ತಳ್ಳುತ್ತ. "ನಾನು ಎಂಟನೇ ಕ್ಲಾಸಿಗೆ ಪಾಠಕ್ಕೆ ಹೋಗ್ತಾ ಇದೀನಿ."

ಕಪ್ಪು ಬಟ್ಟೆಯ ಪುಸ್ತಕಗಳನ್ನು ಬೇರೆ ಮಾಡಿದೆವು. ಹರಿದದ್ದು ಕಳೆದದ್ದು ಬಿಟ್ಟು ತೊಂಬತ್ತಾರು ಉಳಿದಿದ್ದವು. ಅವಳು ನೆಲದ ಮೇಲೆ ಕೂತು ಮೊದಲನೆಯದನ್ನು ತೊಡೆಯ ಮೇಲಿಟ್ಟುಕೊಂಡಳು. ಇಪ್ಪತ್ತು ವರ್ಷವಾದರೂ ಒಂದು ಹೊಲಿಗೆ ಬಿಟ್ಟಿರಲಿಲ್ಲ, ಒಂದು ಮೂಲೆ ಎದ್ದಿರಲಿಲ್ಲ. ಬೆನ್ನಿನ ಮೇಲೆ ಕೈಯಾಡಿಸಿದಳು. ಆಮೇಲೆ ಚಾಕು ಹಾಕಿದಳು. ಆ ಸದ್ದು ನನಗೆ ಕೇಳಲಾಗಲಿಲ್ಲ, ಬಟ್ಟೆ ಸೀಳುವ ಸದ್ದು. ನಾನು ಬೇಕೆಂದೇ ಕಿಟಕಿ ಬಾಗಿಲು ತೆರೆಯುವ ನೆಪ ಮಾಡಿಕೊಂಡು ಎದ್ದೆ.

ರಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಪದರಗಳು ಸಡಿಲವಾಗುತ್ತವೆ. ಮೊಂಡು ಚಾಕುವಿನಿಂದ ಒಂದೊಂದೇ ಎಬ್ಬಿಸಬೇಕು. ಅವಳು ಎಬ್ಬಿಸುವುದು, ನಾನು ಹಗ್ಗಕ್ಕೆ ನೇತುಹಾಕಿ ಓದುವುದು. ಹಳೆಯ ಪ್ರಶ್ನೆಪತ್ರಿಕೆ, ಹಾಜರಿ ಪಟ್ಟಿ, ಯಾರೋ ಹುಡುಗನ ತಪ್ಪು ಕ್ಷಮಿಸಿ ಎಂಬ ಕಾಗದ. ಹತ್ತನೇ ಪುಸ್ತಕದಿಂದ ದೊಡ್ಡ ಟೀಚರ ಪೆನ್ಸಿಲ್ ಹಾಳೆಗಳು ಬರತೊಡಗಿದವು. ಅಷ್ಟರಲ್ಲಿ ಬೀದಿಯ ಹೆಂಗಸರು ಬಾಗಿಲಲ್ಲಿ ಸೇರಿದ್ದರು.

ನಾನು ಗಟ್ಟಿಯಾಗಿ ಓದಿದೆ. "ಗಾರೆಯವನು, ಹಿಂದಿನ ಗೋಡೆ, ಒಂಬತ್ತು ದಿನ. ಗಡಿಯಾರದವನು, ದೊಡ್ಡ ಗಡಿಯಾರ, ರಿಪೇರಿ ಸಮೇತ. ಕ್ಷೌರದಂಗಡಿಯವನು, ಎಲ್ಲ ಹುಡುಗರ ತಲೆ, ವರ್ಷಕ್ಕೆ ನಾಲ್ಕು ಸಲ."

"ಅದಕ್ಕೇ ಈ ಬೀದಿ ಹುಡುಗರೆಲ್ಲ ಸುಲಿದ ತೆಂಗಿನಕಾಯಿ ಥರ ಇರ್ತಿದ್ದದ್ದು" ಅಂದಳು ಯಾರೋ.

"ಇಸ್ತ್ರಿಯವರು, ಮೂವತ್ತು ಮಕ್ಕಳ ಬಟ್ಟೆ, ವರ್ಷದ ಫೋಟೋದ ದಿನ."

ಇಸ್ತ್ರಿ ಅಂಗಡಿಯವಳು ಆ ಒದ್ದೆ ಹಾಳೆಯನ್ನು ಮುಟ್ಟಿ ನೋಡಿದಳು. "ನಮ್ಮತ್ತೆ" ಅಂದಳು. "ಬೈಕೊಂಡೇ ಮಾಡ್ತಿದ್ರು, ಮುದುಕಿ. ಆದ್ರೂ ಮಾಡ್ತಿದ್ರು."

ದಪ್ಪ ಕಾಗದ ಸಿಕ್ಕಿದ್ದು ಗುರುವಾರ ಮಧ್ಯಾಹ್ನ, ಅರವತ್ತೊಂದನೇ ಪುಸ್ತಕದಲ್ಲಿ. ಅದು ಒಂದು ಪ್ರಾಣಿಗಳ ಪುಸ್ತಕ. ಮುಂದಿನ ರಟ್ಟಿನಲ್ಲಿ ಮೇಲಿನ ಅರ್ಧ, ಹಿಂದಿನ ರಟ್ಟಿನಲ್ಲಿ ಕೆಳಗಿನ ಅರ್ಧ. ಒಂದು ಹಾಳೆ ಎರಡಾದರೆ ಒಂದೇ ಪುಸ್ತಕಕ್ಕೆ ಹಾಕುವುದು ಅವಳ ಪದ್ಧತಿ. ಶಾಯಿ ಅಲ್ಲಲ್ಲಿ ಹರಡಿತ್ತು, ಆದರೆ ಓದಲು ಬರುತ್ತಿತ್ತು. ಈ ಬೀದಿಯಲ್ಲಿ ವಾಸವಿರುವ ಯಾವ ಮಗುವಿನಿಂದಲೂ ಎಂದೆಂದಿಗೂ ಫೀಸು ತೆಗೆದುಕೊಳ್ಳಕೂಡದು, ಈ ಷರತ್ತಿನ ಮೇಲೆಯೇ ಮನೆ ಕೊಟ್ಟಿದ್ದೇನೆ. ಕೆಳಗೆ ಸಹಿ, ದಿನಾಂಕ.

ಹೆಡ್ ಮಾಸ್ಟರು ಫೋನ್ ಮಾಡಿದ್ದನೋ, ಕಾವಲುಗಾರನೋ, ಅರ್ಧ ಗಂಟೆಯಲ್ಲಿ ಅಧ್ಯಕ್ಷರು ಬಂದರು. ಜೊತೆಗೆ ಕಾರ್ಯದರ್ಶಿ. ನೆಲದ ತುಂಬ ರಟ್ಟಿಲ್ಲದ ಪುಸ್ತಕಗಳು, ಹಗ್ಗದ ತುಂಬ ಹಾಳೆಗಳು. ಅಧ್ಯಕ್ಷರು ಕಾಗದವನ್ನು ಓದಿದರು, ಮತ್ತೊಮ್ಮೆ ಓದಿದರು.

"ಇದು ಹಳೇದು ಅಂತ ಏನು ಗ್ಯಾರಂಟಿ? ನಿನ್ನೆ ಅಂಟಿಸಿ ಇವತ್ತು ತೆಗೆದಿರಬಹುದು."

"ಹೊಲಿಗೆ ನೋಡಿ" ಅಂದಳು ರಟ್ಟಿನಕ್ಕ. "ಹಿಂದಿನ ಪುಟದಲ್ಲಿ ಶಾಲೆ ಸೀಲಿದೆ, ಬೈಂಡ್ ಆದ ವರ್ಷ ಇದೆ. ದೊಡ್ಡ ಟೀಚರ್ ಕೆಲಸ ಬಿಟ್ಟ ಮೇಲೆ ಬಂದ ಮೇಡಂ ಹಾಕಿದ್ದು."

ಸೀಲು ಇತ್ತು. ಆಗ ಕಾರ್ಯದರ್ಶಿ ಅಧ್ಯಕ್ಷರ ಕಿವಿಯ ಹತ್ತಿರ ಬಾಗಿದ, ಆದರೆ ಅವನ ಪಿಸುಮಾತೇ ನಮ್ಮ ಕೂಗಿನಷ್ಟು. "ಸಾರ್, ಶಾಲೆಯವರೇ ಇದನ್ನ ರದ್ದಿ ಅಂತ ಕೊಟ್ಟಿದ್ರೆ ಷರತ್ತೂ ರದ್ದಿ ಆದ ಹಾಗೇ. ಬೇಡ ಅಂತ ಬಿಟ್ಟ ಹಾಗಾಯ್ತಲ್ಲ. ಯಾರು ಕೊಟ್ರು ಅಂತ ಕೇಳಿ."

ಅಧ್ಯಕ್ಷರು ತಿರುಗಿದರು. ದನಿ ಬೆಣ್ಣೆಯಾಗಿತ್ತು. "ಈ ಕಾಗದ ನಿಮ್ಮ ಕೈಗೆ ಹೇಗೆ ಬಂತಮ್ಮ? ದೊಡ್ಡ ಟೀಚರೇ ರದ್ದಿ ಜೊತೆ ಕೊಟ್ಟಿದ್ದು, ಅಲ್ವಾ?"

ನಾನು ಬಾಯಿ ತೆರೆದಿದ್ದೆ, ಸತ್ಯ ಹೇಳಲು. ನನ್ನ ಪೆದ್ದುತನ. ಮೂಟೆ ಹೊತ್ತವಳು ನಾನು, ಮಾತು ಕೇಳಿಸಿಕೊಂಡವಳು ನಾನು. ರಟ್ಟಿನಕ್ಕ ನನ್ನ ಪಾದದ ಮೇಲೆ ತನ್ನ ಕಾಲಿಟ್ಟು ಅದುಮಿದಳು, ಕಣ್ಣಲ್ಲಿ ನೀರು ಬರುವಷ್ಟು.

"ಇಲ್ಲ. ಅವರು ಜೋಪಾನವಾಗಿ ಬೈಂಡ್ ಮಾಡಿಕೊಡು ಅಂತ ಬೇರೇನೇ ಕೊಟ್ಟಿದ್ರು. ನಾನು ಗಮನ ಇಲ್ದೆ ರದ್ದಿ ಜೊತೆ ಸೇರಿಸಿ ಅಂಟಿಸಿಬಿಟ್ಟೆ. ತಪ್ಪು ನಂದು."

ಅಧ್ಯಕ್ಷರು, "ಹಾಗಂತ ಬರೆದು ಸಹಿ ಹಾಕ್ತೀರಾ? ಎಲ್ಲರ ಮುಂದೆ?" ಅಂದರು. ಹಿಂಜರಿಯುತ್ತಾಳೆ ಎಂದುಕೊಂಡಿರಬೇಕು.

"ಫೀಸಿನ ಚೀಟಿ ವಾಪಸ್ ತಗೊಂಡ್ರೆ ಈಗ್ಲೇ ಹಾಕ್ತೀನಿ."

ಎಂಥ ಮನುಷ್ಯರು ನೋಡು. ಮೂವತ್ತೈದು ವರ್ಷ ಒಂದು ಕಾಸು ಮುಟ್ಟದೆ ಮಕ್ಕಳ ಪುಸ್ತಕ ಹೊಲಿದ ಹೆಂಗಸನ್ನು ಕುರ್ಚಿಯಲ್ಲೂ ಕೂರಿಸಲಿಲ್ಲ. ಮಕ್ಕಳ ಬೆಂಚಿನ ಮೇಲೆ ಬಾಗಿ ಬರೆದಳು, ಕಾರ್ಯದರ್ಶಿ ಹೇಳಿಕೊಟ್ಟ ಹಾಗೆ. ಅಜಾಗರೂಕತೆ ಎಂಬುದು ಅವನದೇ ಪದ. ಅವಳ ಬಾಯಲ್ಲಿ ಅಷ್ಟುದ್ದದ ಪದ ನಾನು ಎಂದೂ ಕೇಳಿಲ್ಲ. ಸಹಿ ಹಾಕಿ, ಬೆರಳಿಗಂಟಿದ್ದ ಅಂಟನ್ನು ಉಜ್ಜಿಕೊಳ್ಳುತ್ತ, "ಈ ಪುಸ್ತಕ ಗುಜರಿಗೆ ಹಾಕಬೇಡಿ. ನಾನು ಬಿಚ್ಚಿದ್ದನ್ನ ನಾನೇ ಹೊಲಿದು ಕೊಡ್ತೀನಿ" ಅಂದಳು. ಚೀಟಿ ವಾಪಸ್ ಹೋಯಿತು. ಮೂವತ್ತೆರಡು ಮಕ್ಕಳೂ ಶಾಲೆಗೆ ಹೋದವು. ಮೊಮ್ಮಗಳು ಕಟ್ಟಿಟ್ಟಿದ್ದ ಪುಸ್ತಕವನ್ನು ಮುಂದಿನ ಹುಡುಗಿಗೆ ಕೊಟ್ಟು, ತಾನು ಎಂಟನೆಯದ್ದಕ್ಕೆ ಕೈ ಚಾಚಿದಳು.

ಆದರೆ ಬೀದಿ? ನಮ್ಮ ಬೀದಿಯವರ ಮೇಲೂ ನನಗೆ ಸಿಟ್ಟಿದೆ, ಬಿಡುವುದಿಲ್ಲ. ತಮ್ಮ ಮಕ್ಕಳು ಒಳಗೆ ಕೂತ ಮೇಲೆ, "ಅಲ್ಲ ರಟ್ಟಿನಕ್ಕ, ಅಂಥ ಕಾಗದ ಅಂಟಿಸ್ಬಿಡೋದಾ, ಸ್ವಲ್ಪ ನೋಡಬಾರ್ದಿತ್ತಾ" ಎಂದು ಬಾಗಿಲಿಗೆ ಬಂದು ಬುದ್ಧಿ ಹೇಳಿದವರು ಎಷ್ಟು ಜನ. ಅವಳು, "ಹೌದು ಕಣ್ರೀ, ತಪ್ಪಾಯ್ತು" ಅಂದು ದಾರಕ್ಕೆ ಮೇಣ ಸವರುತ್ತಿದ್ದಳು. ಹೊಟ್ಟೆಪಾಡಿನ ಕೆಲಸ ಬರುತ್ತಿದ್ದದ್ದು ವಕೀಲರ ಆಫೀಸಿನಿಂದ, ಫೈಲು ಬೈಂಡ್ ಮಾಡುವುದು. ಕಮಿಟಿಯ ಆ 'ದಾನದ ಹೆಜ್ಜೆಗಳು' ಅಚ್ಚಾಗಿ ಬಂದ ತಿಂಗಳೇ ಅವರ ಗುಮಾಸ್ತ ಬಂದು ಬಾಕಿ ಫೈಲುಗಳನ್ನು ಎತ್ತಿಕೊಂಡು ಹೋದ. "ಅಮ್ಮ, ತಪ್ಪು ತಿಳೀಬೇಡಿ, ದಾಖಲೆ ವಿಷಯ ನೋಡಿ, ನಮ್ಮ ಸಾಹೇಬರಿಗೆ ಭಯ" ಅಂದ. ತಪ್ಪು ತಿಳಿಯಬೇಡಿಯಂತೆ. ನಾನು ಹೊಸಿಲಲ್ಲೇ ನಿಂತಿದ್ದೆ, ನಾಲಿಗೆ ತುದಿಯ ತನಕ ಬಂತು. ಒಳಗಿನಿಂದ ಅವಳು ಕೆಮ್ಮಿದಳು. ನುಂಗಿಕೊಂಡೆ. ಹೇಳಿದರೆ ಯಾವತ್ತಾದರೂ ಕಾರ್ಯದರ್ಶಿಯ ಕಿವಿಗೆ ಬೀಳುತ್ತದೆ, ಮತ್ತೆ ಮಕ್ಕಳು ಬೀದಿಗೆ ಬೀಳುತ್ತವೆ. ನಾಲ್ಕು ವರ್ಷ ಹೀಗೆ ನುಂಗಿದ್ದೇನೆ.

ಹೋದ ತಿಂಗಳು ಶಾಲೆಯ ನಿಯಮಾವಳಿ ಹೊಸದಾಗಿ ರಿಜಿಸ್ಟರ್ ಆಯಿತು. ಕಮಿಟಿಗೆ ಹೊಸದಾಗಿ ಬಂದ ಒಬ್ಬ ಡಾಕ್ಟರಮ್ಮ ಹಟ ಹಿಡಿದು ಮಾಡಿಸಿದರಂತೆ. ಬೀದಿಯ ಮಕ್ಕಳಿಗೆ ಫೀಸಿಲ್ಲ ಎನ್ನುವುದು ಈಗ ಅದರೊಳಗೇ ಸೇರಿದೆ. ಹಳೆಯ ಕಾಗದ ಯಾರು ಯಾರಿಗೆ ಯಾಕೆ ಕೊಟ್ಟರು ಎಂದು ಕೇಳಿ ಇನ್ನು ಯಾರೂ ಅದನ್ನು ತೆಗೆಯಲಾರರು. ನಾನು ಒಬ್ಬರಲ್ಲ, ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡೇ ಓರಗಿತ್ತಿಯ ಹತ್ತಿರ ಹೋದೆ.

"ಇನ್ನು ನಾನು ಹೇಳ್ತೀನಿ ಕಣೇ. ಯಾರ ಮಾತೂ ಕೇಳಲ್ಲ."

"ಹೇಳಿ ಏನಾಗಬೇಕು ಅಕ್ಕ? ವಕೀಲರ ಫೈಲು ವಾಪಸ್ ಬಂದ್ರೂ ಈಗ ಸೂಜಿ ಕಣ್ಣು ಕಾಣೋರ್ಯಾರು?"

"ನನಗೆ ಸಮಾಧಾನ ಆಗಬೇಕು."

"ಹಾಗಾದ್ರೆ ಹೇಳಿ. ಆದ್ರೆ ದೊಡ್ಡ ಟೀಚರ್ ಮೇಲೆ ಯಾರಿಗೂ ಕೋಪ ಬರೋ ಹಾಗೆ ಹೇಳಬೇಡಿ. ಅವತ್ತು ಅವರಿಗೆ ಕಪಾಟಿನ ಬಾಗಿಲೇ ಸರಿಯಾಗಿ ಕಾಣ್ತಿರ್ಲಿಲ್ಲ." ಆಮೇಲೆ, "ಈ ವರ್ಷ ಒಂದನೇ ಕ್ಲಾಸಿಗೆ ನಮ್ಮ ಬೀದಿಯಿಂದ ಒಂಬತ್ತು ಮಕ್ಕಳು ಅಂತೆ" ಅಂದಳು.

ಅವಳಿಗೆ ಅಷ್ಟು ಸಾಕು. ನನಗೆ ಸಾಲದು. ದೊಡ್ಡ ಟೀಚರ ಮೇಲೆ ನನಗೆ ಕೋಪವಿಲ್ಲ, ಅದನ್ನೂ ಬರಿ. ಆದರೆ ಈ ಹಾಳೆಗಳನ್ನು ನಾಳೆ ಬೆಳಿಗ್ಗೆ ನಾನೇ ತೆಗೆದುಕೊಂಡು ಹೋಗಿ ಹೆಡ್ ಮಾಸ್ಟರ ಮೇಜಿನ ಮೇಲೆ ಇಡುತ್ತೇನೆ. ಅವನು ಕಡೆಯ ಸಾಲಿನ ತನಕ ಓದಿ ಮುಗಿಸುವವರೆಗೆ ಎದುರಿನ ಕುರ್ಚಿ ಬಿಟ್ಟು ಏಳುವುದಿಲ್ಲ. ಆಮೇಲೆ ಅಲ್ಲಿಂದಲೇ ವಕೀಲರ ಆಫೀಸಿಗೆ ಹೋಗುತ್ತೇನೆ. ಇನ್ನೊಂದು ಪ್ರತಿ ಮಾಡಿಡು.